ಪ್ರಾಯಶಃ ಹೀಗೆ

ಇಪ್ಪತ್ತು ವರ್ಷಗಳಿಂದ ನಾನು ಬೇರೆಯವರ ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆಯುತ್ತ ಬಂದಿದ್ದೇನೆ. ನನ್ನ ವಾಕ್ಯಗಳ ಮೇಲೆ ಯಾರಾದರೂ ಗೆರೆ ಎಳೆದು ಬಹಳ ಕಾಲವಾಗಿತ್ತು. ಎಂ.ಎ. ಮುಗಿಸಿದ ಮೇಲೆ ಆ ಯೋಗ ತಪ್ಪಿಹೋಯಿತೆಂದೇ ತಿಳಿದಿದ್ದೆ. ಕಳೆದ ಬೇಸಗೆಯ ರಜೆಯಲ್ಲಿ ಅದು ಮತ್ತೆ ಒದಗಿ ಬಂತು. ಗೆರೆ ಎಳೆದದ್ದು ಮನುಷ್ಯನಲ್ಲ, ಒಂದು ಯಂತ್ರ. ವಾಕ್ಯಗಳೂ ಕನ್ನಡದವಲ್ಲ, ಹಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯವು.

ಕನ್ನಡ ಮೇಷ್ಟ್ರಿಗೆ ಹಾಸ್ಕೆಲ್ ಏತಕ್ಕೆ ಎಂದು ನೀವು ಕೇಳಬಹುದು. ನಮ್ಮ ಮನೆಯಾಕೆಯೂ ಅದನ್ನೇ ಕೇಳಿದಳು. ತಪ್ಪು ನನ್ನದಲ್ಲ, ಭಾಮಿನಿಯದು. ಭಾಮಿನಿ ಎಂದರೆ ಷಟ್ಪದಿ, ಗಾಬರಿಯಾಗಬೇಕಿಲ್ಲ. ಅದರ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕರ ಗಣಗಳಂತೆ 14 ಮಾತ್ರೆ. ಮೂರು ಮತ್ತು ಆರನೆಯ ಪಾದಗಳಲ್ಲಿ 21 ಮಾತ್ರೆ, ಮೇಲೊಂದು ಗುರು. ಒಟ್ಟು 102. ತರಗತಿಯಲ್ಲಿ ಪ್ರಸ್ತಾರ ಹಾಕಿಸಿದರೆ ಅರವತ್ತು ಮಂದಿಯಲ್ಲಿ ಹನ್ನೆರಡು ಮಂದಿಗೆ ನೂರಾ ಎರಡು ಬರುತ್ತದೆ, ಉಳಿದವರಿಗೆ ನೂರರ ಆಚೆ ಈಚೆ ಏನೇನೋ ಬರುತ್ತದೆ. ಈ ಎಣಿಕೆಯನ್ನು ಕಂಪ್ಯೂಟರಿಗೆ ವಹಿಸಿದರೆ ಹುಡುಗರು ತಮ್ಮ ಲೆಕ್ಕವನ್ನು ತಾವೇ ತಾಳೆ ನೋಡಿಕೊಳ್ಳಬಹುದಲ್ಲ ಎಂಬ ಆಸೆ ಹುಟ್ಟಿತು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. “ಮಾವ, ನೀವು ಲಕ್ಷಣ ಹೇಳುವವರು. ನಿಮಗೆ ಹಾಸ್ಕೆಲ್ಲೇ ಸರಿ” ಎಂದ. ಅವನ ವಿವರಣೆ ನನಗೆ ಹಿಡಿಸಿತು. ‘ಇದನ್ನು ಮಾಡು, ಆಮೇಲೆ ಅದನ್ನು ಮಾಡು, ಮುಗಿಯುವ ತನಕ ಮಾಡುತ್ತಿರು’ ಎಂದು ಆಳಿಗೆ ಅಪ್ಪಣೆ ಕೊಟ್ಟಂತೆ ಬರೆಯುವುದು ಒಂದು ಬಗೆ. ‘ಇಂಥದೆಂದರೆ ಇಂಥದು’ ಎಂದು ಶಾಸ್ತ್ರಕಾರರ ಹಾಗೆ ಬರೆಯುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಗೆ ಫಂಕ್ಷನಲ್ ಎಂದು ಹೆಸರು. ಹಾಸ್ಕೆಲ್ ಆ ಕುಲದ್ದು. ತರ್ಕಶಾಸ್ತ್ರಜ್ಞ ಹಾಸ್ಕೆಲ್ ಕರಿಯ ಹೆಸರನ್ನು ಹೊತ್ತು, 1987ರಲ್ಲಿ ವಿದ್ವಾಂಸರ ಒಂದು ಸಮಿತಿಯಿಂದ ಆರಂಭವಾಗಿ, 1990ರಲ್ಲಿ ಮೊದಲ ಲಕ್ಷಣಗ್ರಂಥ ಕಂಡ ಭಾಷೆ.

ಬರೆದೆ. ಒಂದು ತಿಂಗಳು ಹಿಡಿಯಿತು. ‘ಸ್ತ್ರೀ’ ಎಂಬುದು ನಮಗೆ ಒಂದಕ್ಷರ; ಯಂತ್ರಕ್ಕೆ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರವೆಂದು ಆರು ಗುರುತು. ಅವನ್ನು ಕೂಡಿಸಿ ಅಕ್ಷರ ಮಾಡುವುದರೊಳಗೆ ಹದಿನೈದು ದಿನ ಹೋಯಿತು. ಒತ್ತಕ್ಷರದ ಹಿಂದಿನ ಲಘು ಗುರುವಾಗುತ್ತದೆಂದು ಯಂತ್ರಕ್ಕೆ ತಿಳಿಹೇಳುವುದರಲ್ಲಿ ಇನ್ನೊಂದು ವಾರ. ಕಡೆಗೊಂದು ರಾತ್ರಿ ಕುಮಾರವ್ಯಾಸನ ಪದ್ಯವೊಂದನ್ನು ಕೊಟ್ಟೆ. ಪರದೆಯ ಮೇಲೆ 102 ಎಂದು ಮೂಡಿತು. ಹನ್ನೊಂದೂವರೆ ಗಂಟೆ. ಎಬ್ಬಿಸಿ ಹೇಳೋಣವೆಂದರೆ ಎಬ್ಬಿಸಿಕೊಳ್ಳುವ ಸಹನೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮರುದಿನ ಅಳಿಯನಿಗೆ ಕಳುಹಿಸಿದೆ. ಅವನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. “ಚೆನ್ನಾಗಿ ಓಡುತ್ತೆ ಮಾವ. ಒಂದು ಸಲ ಎಚ್‌ಲಿಂಟ್‌ಗೆ ತೋರಿಸಿ” ಎಂದಷ್ಟೇ ಅಂದ.

ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಂಡ ನೂಲಿನ ತುಣುಕು, ಹತ್ತಿಯ ಎಳೆ. ಬಟ್ಟೆ ಹರಿದಿಲ್ಲ, ಉಡಲು ಅಡ್ಡಿಯಿಲ್ಲ. ಆದರೂ ನಾಲ್ಕು ಜನರೆದುರು ಹೋಗುವಾಗ ಕೊಡವಿಕೊಳ್ಳಬೇಕು. 1978ರಲ್ಲಿ ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಜಾನ್ಸನ್ ಸಿ ಭಾಷೆಗೆಂದು ಇಂಥ ಒಂದು ಉಪಕರಣ ಮಾಡಿ ಈ ಹೆಸರಿಟ್ಟರು. ಈಗ ಬಳಕೆಯಲ್ಲಿರುವ ಹಲವು ಭಾಷೆಗಳಿಗೆ ಇಂಥವು ಇವೆ. ಇವು ಪ್ರೋಗ್ರಾಮನ್ನು ಓಡಿಸಿ ನೋಡುವುದಿಲ್ಲ, ಓದಿ ನೋಡುತ್ತವೆ; ನಾಟಕವನ್ನು ರಂಗದ ಮೇಲೆ ಕಾಣದೆ ಹಸ್ತಪ್ರತಿಯಲ್ಲೇ ತಿದ್ದುವ ಹಾಗೆ. ಹಾಸ್ಕೆಲ್ಲಿನದು ಎಚ್‌ಲಿಂಟ್, ನೀಲ್ ಮಿಚೆಲ್ ಎಂಬವರು ಮಾಡಿದ್ದು. ಅದರ ಹೊಟ್ಟೆಯಲ್ಲಿರುವುದು ಸೂತ್ರಗಳ ಒಂದು ದೊಡ್ಡ ಪಟ್ಟಿ: ಎಡಗಡೆಯ ರೂಪ ಕಂಡರೆ ಬಲಗಡೆಯ ರೂಪವನ್ನು ಸೂಚಿಸು, ಎಂದು. ಅರ್ಥ ಅದಕ್ಕೆ ಗೊತ್ತಿಲ್ಲ, ರೂಪ ಮಾತ್ರ ಗೊತ್ತು. ಸೂತ್ರಗಳು ಹುಟ್ಟಿದ್ದು ಬಲ್ಲವರ ಬಳಕೆಯಿಂದ. ನಮ್ಮ ಕೇಶಿರಾಜನೂ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರ ಬರೆದವನಲ್ಲವೆ?

ನೂರ ನಲವತ್ತು ಸಾಲಿನ ನನ್ನ ಕೃತಿಗೆ ಎಚ್‌ಲಿಂಟ್ 37 ಟಿಪ್ಪಣಿ ಹಾಕಿತು.

ಮೊದಲನೆಯದೇ ನಾಟಿತು. ಪಾದ ಖಾಲಿಯೋ ಎಂದು ತಿಳಿಯಲು ನಾನು ಅದರ ಉದ್ದ ಅಳೆದು, ಉದ್ದ ಸೊನ್ನೆಗೆ ಸಮವೇ ಎಂದು ಕೇಳಿದ್ದೆ. ಅದಕ್ಕೆ ಹಾಸ್ಕೆಲ್ಲಿನಲ್ಲಿ ‘ನಲ್’ ಎಂಬ ಒಂದೇ ಮಾತಿದೆ. ಉದ್ದ ಅಳೆಯುವುದಕ್ಕೆ ಪಟ್ಟಿಯನ್ನು ಕೊನೆಯವರೆಗೆ ನಡೆದು ನೋಡಬೇಕು. ‘ನಲ್’ ಬಾಗಿಲಲ್ಲಿ ಇಣುಕಿ ಹೇಳಿಬಿಡುತ್ತದೆ. ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಜನಗಣತಿ ಮಾಡಿಸಿದವನಾಗಿದ್ದೆ ನಾನು.

ಇನ್ನೊಂದು ಕಡೆ ಮಾತ್ರೆಗಳನ್ನು ಕೂಡುವುದಕ್ಕೆ, ಪಟ್ಟಿ ಖಾಲಿಯಾದರೆ ಸೊನ್ನೆ, ಇಲ್ಲವಾದರೆ ಮೊದಲನೆಯದಕ್ಕೆ ಉಳಿದವುಗಳ ಮೊತ್ತವನ್ನು ಕೂಡು ಎಂದು ಹೆಮ್ಮೆಯಿಂದ ಬರೆದಿದ್ದೆ. ಪ್ರಾಯಶಃ ‘ಫೋಲ್ಡರ್’ ಎನ್ನಬಹುದು ಎಂದಿತು. ಹಾಗೇ ಮಾಡಿ ಮತ್ತೆ ತೋರಿಸಿದೆ. ಈಗ, ಸೊನ್ನೆಯಿಂದ ಕೂಡುತ್ತ ಮಡಿಸುವುದಕ್ಕೆ ಪ್ರಾಯಶಃ ‘ಸಮ್’ ಎನ್ನಬಹುದು ಎಂದಿತು. ‘ಸಮ್’ ಭಾಷೆಯಲ್ಲಿ ಮೊದಲಿಂದಲೂ ಇದ್ದ ಮಾತು! ‘ಸೋದರಮಾವ’ ಎಂಬ ಪದ ತಿಳಿಯದೆ ‘ತಾಯಿಯ ತಂದೆಯ ಮಗ’ ಎಂದು ಬರೆದ ಹಾಗಾಯಿತು. ಈ ಮಾತನ್ನು ಮೊದಲೇ ಏಕೆ ಹೇಳಲಿಲ್ಲ, ಎರಡು ಸಲ ಏಕೆ ತಿರುಗಿಸಿತು ಎಂದು ಅಳಿಯನ ಮೇಲೆ ರೇಗಿದೆ. ಉಪಕರಣದ ಕೈಪಿಡಿಯಲ್ಲಿ ಕರ್ತೃವೇ ಅದಕ್ಕೆ ಸಮಾಧಾನ ಹೇಳಿದ್ದಾರೆ: ಇದರ ಉದ್ದೇಶ ಬರಹವನ್ನು ತಿದ್ದುವುದಷ್ಟೇ ಅಲ್ಲ, ಬರೆಯುವವನಿಗೆ ಕಲಿಸುವುದೂ ಹೌದು, ಒಂದೊಂದೇ ಹೆಜ್ಜೆ ಇಟ್ಟರೆ ಕಲಿಯುವುದು ಸುಲಭ, ಒಟ್ಟಿಗೆ ಹೇಳಿದರೆ ಕಲಿಯುವವನು ದಿಕ್ಕು ತಪ್ಪುತ್ತಾನೆ ಎಂದು. ಇದನ್ನು ಓದಿದಾಗ ಬೋಧನಾಕ್ರಮದ ಎಷ್ಟೋ ಉಪನ್ಯಾಸಗಳಲ್ಲಿ ನಾನು ನಿದ್ದೆ ಹೋದದ್ದು ನೆನಪಾಯಿತು.

ಆದರೆ ನನ್ನನ್ನು ಕೂರಿಸಿ ಯೋಚಿಸುವಂತೆ ಮಾಡಿದ್ದು ಬೇರೆ. ಪ್ರತಿ ಟಿಪ್ಪಣಿಯಲ್ಲೂ ಎರಡು ಭಾಗ. ಮೇಲೆ ‘ಕಂಡದ್ದು’ ಎಂದು ನಾನು ಬರೆದ ರೂಪ. ಕೆಳಗೆ ‘ಪರ್ಹ್ಯಾಪ್ಸ್’, ಎಂದರೆ ‘ಪ್ರಾಯಶಃ’, ಎಂದು ಅದರ ಸಲಹೆ. ಹಳೆಯ ಆವೃತ್ತಿಗಳಲ್ಲಿ ಆ ಜಾಗದಲ್ಲಿ ‘ಹೀಗೇಕಾಗಬಾರದು?’ ಎಂಬ ಪ್ರಶ್ನೆಯಿತ್ತು. ನನ್ನ ಮೂವತ್ತೇಳು ಟಿಪ್ಪಣಿಗಳಲ್ಲಿ ‘ತಪ್ಪು’ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಇರುವುದೂ ನ್ಯಾಯವಲ್ಲ. ನಾನು ಬರೆದದ್ದು ಓಡುತ್ತಿತ್ತು, 102 ಹೇಳುತ್ತಿತ್ತು. ಅದು ತಪ್ಪಲ್ಲ, ಆ ನಾಡಿನ ನುಡಿಯಲ್ಲ, ಅಷ್ಟೆ. ‘ಸ್ನಾನವನ್ನು ತೆಗೆದುಕೊಂಡೆನು’, ‘ನನ್ನಿಂದ ಪುಸ್ತಕವು ಓದಲ್ಪಟ್ಟಿತು’ ಎಂದು ಬರೆಯುವ ಹುಡುಗರಂತೆ, ಎಳವೆಯಲ್ಲಿ ಕಲಿತ ಬೇಸಿಕ್ ಭಾಷೆಯ ಮೈಕಟ್ಟಿಗೆ ನಾನು ಹಾಸ್ಕೆಲ್ಲಿನ ಅಂಗಿ ತೊಡಿಸಿದ್ದೆ.

ಎಲ್ಲ ಸಲಹೆಯನ್ನೂ ಒಪ್ಪಿದೆನೆಂದಲ್ಲ. ಎಚ್‌ಲಿಂಟಿಗೆ ಕೊನೆಯ ಹೆಸರನ್ನು ಬಿಟ್ಟುಬಿಡುವುದೆಂದರೆ ಬಲು ಪ್ರೀತಿ. ‘ಪದ್ಯದ ಮಾತ್ರೆ ಎಂದರೆ ಪದ್ಯದ ಅಕ್ಷರಗಳ ಮಾತ್ರೆಗಳ ಮೊತ್ತ’ ಎಂದರೆ, ಎರಡೂ ಕಡೆಯ ‘ಪದ್ಯ’ವನ್ನು ಕೈಬಿಡಬಹುದಲ್ಲ ಎನ್ನುತ್ತದೆ. ಈ ರುಚಿ ನಮಗೆ ಹೊಸದಲ್ಲ. ‘ನಾನು ಬಂದೆನು’ ಎನ್ನುವ ಬದಲು ‘ಬಂದೆ’ ಎಂದರೆ ಸಾಕು. ಕ್ರಿಯಾಪದದಲ್ಲಿಯೇ ‘ನಾನು’ ಅಡಗಿದೆ. ಆದರೆ ‘ಯಾರು ಬಂದರು?’ ಎಂದವನಿಗೆ ‘ಬಂದೆ’ ಎಂದರೆ ಆದೀತೆ? ಕೆಲವು ಸಂದರ್ಭಗಳಲ್ಲಿ ಹೀಗೆ ಬಿಡುವುದರಿಂದ ಪ್ರೋಗ್ರಾಮಿನ ಅರ್ಥವೇ ಬದಲಾದೀತೆಂದು ಕೈಪಿಡಿಯೂ ಎಚ್ಚರಿಸುತ್ತದೆ. ನನ್ನ ಪ್ರೋಗ್ರಾಮಿನಲ್ಲಿ ಆ ಭಯವಿರಲಿಲ್ಲ. ಆದರೆ ಅದನ್ನು ಓದಬೇಕಾದವರು ಛಂದಸ್ಸಿನ ವಿದ್ಯಾರ್ಥಿಗಳು. ಪದ್ಯವೆಂಬ ಹೆಸರು ಅವರ ಕಣ್ಣಿಗೆ ಬೀಳಬೇಕು. ಒಂದು ಚಿಕ್ಕ ಕಡತದಲ್ಲಿ ‘ಈ ಸೂತ್ರವನ್ನು ಇಲ್ಲಿ ಬಿಡು’ ಎಂದು ಬರೆದಿಟ್ಟೆ. ಯಂತ್ರ ಮರುಮಾತಾಡದೆ ಒಪ್ಪಿತು. ಹಾಗೆ ಒಪ್ಪುವ ಮೇಷ್ಟ್ರು ನನಗೆ ಸಿಕ್ಕಿದ್ದಿಲ್ಲ. ನಾನೂ ಅಂಥವನಾಗಿರಲಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಕೊಪ್ಪಳದ ಕಡೆಯ ಒಬ್ಬ ಹುಡುಗಿ ನಮ್ಮ ಕಾಲೇಜಿಗೆ ಸೇರಿದ್ದಳು. ಮೊದಲ ಟರ್ಮಿನಲ್ಲಿ ‘ಮಳೆ’ ಎಂಬ ವಿಷಯಕ್ಕೆ ಪ್ರಬಂಧ ಬರೆಸಿದೆ. ಆರು ಪುಟ ಬರೆದಿದ್ದಳು. ಅಜ್ಜಿ, ಎರೆಹೊಲ, ಮೋಡ ಎಲ್ಲ ಇದ್ದವು. ‘ಮಳಿ ಬರಾಕತ್ತಿತ್ತು, ಅಜ್ಜಿ ಒಳಗ ಬರಲೇ ಇಲ್ಲ’ ಎಂದು ಒಂದು ಸಾಲು. ಅದರ ಮೇಲೆ ಗೆರೆ ಎಳೆದು ‘ಮಳೆ ಬರುತ್ತಿತ್ತು’ ಎಂದು ತಿದ್ದಿ, ಅಂಚಿನಲ್ಲಿ ‘ಅಶುದ್ಧ’ ಎಂದು ಬರೆದೆ. ಆರು ಪುಟಗಳಲ್ಲೂ ಅದೇ ಕೆಲಸ ಮಾಡಿದೆ. ಕೊನೆಯಲ್ಲಿ ‘ಶಿಷ್ಟಭಾಷೆ ಕಲಿಯಬೇಕು’ ಎಂದೂ ಸೇರಿಸಿದೆ. ಮುಂದಿನ ಪ್ರಬಂಧವನ್ನು ಅವಳು ಒಂದೂವರೆ ಪುಟದಲ್ಲಿ ಮುಗಿಸಿದಳು. ಒಂದು ತಪ್ಪೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ‘ಉತ್ತಮ’ ಎಂದು ಸಹಿ ಹಾಕಿದೆ. ಮೂರು ವರ್ಷವೂ ಒಂದೂವರೆ ಪುಟವೇ.

ಇಂಗ್ಲಿಷಿನ ನೆರಳಲ್ಲಿ ನಡೆಯುವ ‘ಓದಲ್ಪಟ್ಟಿತು’ ಬೇರೆ, ತಾಯ ಮಡಿಲಿನಿಂದ ಬಂದ ‘ಬರಾಕತ್ತಿತ್ತು’ ಬೇರೆ. ಎರಡಕ್ಕೂ ಒಂದೇ ಕೆಂಪು ಶಾಯಿ ಬಳಸಿದವನು ನಾನು. ರೂಪ ಮಾತ್ರ ನೋಡುವುದು ಅರ್ಥ ತಿಳಿಯದ ಯಂತ್ರದ ಪಾಡು. ನನಗೆ ಆ ನೆಪವೂ ಇಲ್ಲ.

ಮೂವತ್ತೇಳನೆಯ ಟಿಪ್ಪಣಿ ಮುಗಿದು ಪರದೆಯ ಮೇಲೆ ‘ನೋ ಹಿಂಟ್ಸ್’ ಎಂದು ಬಂದ ದಿನ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ನಂಬರು ಹುಡುಕಿ ಫೋನು ಮಾಡಿದೆ. ಊರ ಹತ್ತಿರವೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. “ಈ ವರ್ಷ ಕಾಲೇಜಿನ ಸಂಚಿಕೆಗೆ ನಿನ್ನ ಆ ಮಳೆಯ ಪ್ರಬಂಧ ಬೇಕಲ್ಲಮ್ಮ, ನಾನು ತಿದ್ದಿದ್ದಲ್ಲ, ನೀನು ಬರೆದದ್ದು” ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕಳು. “ಅದು ಈಗ ಎಲ್ಲೈತ್ರೀ ಸರ್? ನೀವು ಕೊಟ್ಟ ದಿನಾನ ಹರದು ಒಲಿಗೆ ಹಾಕಿದ್ದೆ” ಎಂದಳು.

ಮತ್ತೆ ಬರೆದು ಕೊಡಲಾದೀತೆ ಎಂದು ಕೇಳಿದೆ. ನೋಡುತ್ತೇನೆ ಎಂದಿದ್ದಾಳೆ. ಆರು ಪುಟಗಳಲ್ಲಿ ಈಗ ಉಳಿದಿರುವುದು ಒಂದೇ ಸಾಲು, ಅದೂ ನಾನು ಗೆರೆ ಎಳೆದದ್ದರಿಂದ ನನ್ನ ನೆನಪಿನಲ್ಲಿ ನಿಂತದ್ದು.