ಪಾಠದಲ್ಲಿ ಇಲ್ಲದ ಪ್ರಶ್ನೆ

ನಿಮ್ಮ ಧರ್ಮಕೇಂದ್ರದಲ್ಲಿಯೂ ವಯಸ್ಕರಿಗಾಗಿ ವಿಶ್ವಾಸ ತರಗತಿಗಳು ಎಂದಾದರೊಮ್ಮೆ ನಡೆದಿರಬಹುದು. ಬಲಿಪೂಜೆಯ ಕೊನೆಗೆ ಪ್ರಕಟಣೆ ಓದುವಾಗ ನಾವೆಲ್ಲರೂ ಭಕ್ತಿಯಿಂದ ತಲೆದೂಗುತ್ತೇವೆ, ಅಂಗಳಕ್ಕೆ ಬಂದ ಮೇಲೆ "ನೀವು ಹೋಗುತ್ತೀರಾ?" ಎಂದು ಒಬ್ಬರನ್ನೊಬ್ಬರು ಮೆಲ್ಲಗೆ ಕೇಳಿಕೊಳ್ಳುತ್ತೇವೆ. ನಾನು ಹೋದೆ, ನಿರಾಶನಾಗಿ ಮರಳಿದೆ. ಆ ನಿರಾಶೆಯಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಕಂಡುಕೊಳ್ಳಲು ಮಾತ್ರ ಏಳೆಂಟು ತಿಂಗಳು ಹಿಡಿಯಿತು. ಈ ಬರಹ ಅದರ ವಿಚಾರವಾಗಿ.

ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2012ರ ಅಕ್ಟೋಬರ್ 11ರಂದು ವಿಶ್ವಾಸದ ವರ್ಷವನ್ನು ಆರಂಭಿಸಿದ್ದು ನಿಮಗೆ ನೆನಪಿರಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಗಿ ಅಂದಿಗೆ ಐವತ್ತು ವರ್ಷ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೊರಬಂದು ಇಪ್ಪತ್ತು ವರ್ಷ. ಮಕ್ಕಳಷ್ಟೇ ಏಕೆ, ಹಿರಿಯರೂ ತಮ್ಮ ವಿಶ್ವಾಸವನ್ನು ಮತ್ತೊಮ್ಮೆ ಕಲಿಯಬೇಕು, ಚರ್ಚಿಸಬೇಕು ಎಂಬ ಆಶಯದಿಂದ ಎಲ್ಲೆಡೆ ತರಗತಿಗಳು ಏರ್ಪಟ್ಟವು. ಗೊರೂರಿನ ಸುತ್ತಿನ ನಮ್ಮ ಸೀಮೆಯಲ್ಲಿಯೂ 2013ರ ತಪಸ್ಸುಕಾಲದ ಐದು ಭಾನುವಾರಗಳ ಸಂಜೆ ಅಂಥದೊಂದು ತರಗತಿ ನಡೆಯಿತು. ಯಾವ ಚರ್ಚಿನಲ್ಲಿ, ನಡೆಸಿದವರು ಯಾರು ಎಂಬುದು ಇಲ್ಲಿ ಬೇಡ. ಅವರು ದೂರದಿಂದ ಬಸ್ಸಿನಲ್ಲಿ ಬಂದು ರಾತ್ರಿ ಕಡೆಯ ಬಸ್ಸಿಗೆ ಮರಳುತ್ತಿದ್ದ ಸಜ್ಜನರು. ಒಂದು ಭಾನುವಾರವೂ ತಪ್ಪಿಸಲಿಲ್ಲ.

ಮೊದಲ ದಿನ ನಲವತ್ತಕ್ಕೂ ಹೆಚ್ಚು ಜನ ಸೇರಿದ್ದೆವು. ಬೆಂಚುಗಳು ಸಾಲದೆ ಹೆಂಗಸರು ಚಾಪೆಯ ಮೇಲೆ ಕುಳಿತರು. ಎಲ್ಲರ ಕೈಗೂ ಕಲ್ಲಚ್ಚಿನ ಹಾಳೆಯೊಂದು ಬಂತು. ಪ್ರೇಷಿತರ ವಿಶ್ವಾಸ ಸಂಗ್ರಹದ ಒಂದೊಂದು ವಾಕ್ಯ, ಅದರ ಕೆಳಗೆ ಪ್ರಶ್ನೆ, ಅದರ ಕೆಳಗೆ ಉತ್ತರ. ಬೋಧಕರು ಪ್ರಶ್ನೆಯನ್ನು ಓದುವರು. ನಾವು ಉತ್ತರವನ್ನು ಓದುವೆವು. ತರುವಾಯ "ಚರ್ಚೆ" ಎಂದು ಹಾಳೆಯಲ್ಲಿ ಅಚ್ಚಾಗಿತ್ತು. ಚರ್ಚೆಯೆಂದರೆ ಅದೇ ಪ್ರಶ್ನೆಗಳನ್ನು ಹಾಳೆ ನೋಡದೆ ಉತ್ತರಿಸುವುದು ಎಂದು ಸ್ವಲ್ಪ ಹೊತ್ತಿನಲ್ಲಿಯೇ ನಮಗೆ ಅರಿವಾಯಿತು.

ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಓದುಬರಹ ಅರಿಯದ ನನ್ನ ಅಜ್ಜಿ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನೆಲ್ಲ ನಾಟಿ ಹಾಕುತ್ತ ಒಪ್ಪಿಸುತ್ತಿದ್ದವಳು. ಆ ಮಾತುಗಳು ಅವಳನ್ನು ಸಾವಿನ ಹಾಸಿಗೆಯವರೆಗೂ ಹಿಡಿದು ನಡೆಸಿದವು. ಕಲಿತ ಉತ್ತರ ಮನಸ್ಸಿನ ಅಡಿಯಲ್ಲಿ ಉಳಿದು, ಬೇಕಾದ ದಿನ ಮೇಲೆ ಬರುತ್ತದೆ. ಆದರೆ ಜೀವಮಾನದ ಅರ್ಧಕ್ಕಿಂತ ಹೆಚ್ಚು ಕಳೆದು, ಮಕ್ಕಳನ್ನು ಬೆಳೆಸಿ, ಕೆಲವರನ್ನು ಮಣ್ಣಿಗೂ ಕೊಟ್ಟು ಬಂದ ಜನ ಸಂಜೆಯ ಕೆಲಸ ಬಿಟ್ಟು ಏಕೆ ಬಂದಿದ್ದಾರೆಂದು ಯಾರಾದರೂ ಒಮ್ಮೆ ಕೇಳಬೇಕಿತ್ತು.

ಆ ವರ್ಷದ ತಪಸ್ಸುಕಾಲ ಎಂಥದೆಂದು ಸ್ಮರಿಸಿಕೊಳ್ಳಿ. ಫೆಬ್ರವರಿ 11ರಂದು ಜಗದ್ಗುರುಗಳು ತಾವು ಪೀಠದಿಂದ ಇಳಿಯುವುದಾಗಿ ಘೋಷಿಸಿದ್ದರು. ಆರು ಶತಮಾನಗಳಲ್ಲಿ ಹಾಗೆ ಯಾವ ಪೋಪರೂ ಇಳಿದಿರಲಿಲ್ಲ. ಚಹದಂಗಡಿಯಲ್ಲಿ ಹಿಂದೂ ಗೆಳೆಯರು, ಮುಸ್ಲಿಂ ಗೆಳೆಯರು ನಮ್ಮನ್ನು ತಡೆದು ನಿಲ್ಲಿಸಿ ವಿಚಾರಿಸುತ್ತಿದ್ದರು. ಎರಡನೆಯ ತರಗತಿಯಲ್ಲಿ ಒಬ್ಬ ಯುವಕ ಎದ್ದು, ಪೋಪರು ರಾಜೀನಾಮೆ ಕೊಡಬಹುದೇ ಎಂದು ಕೇಳಿದ. "ಅದು ಇಂದಿನ ಪಾಠದಲ್ಲಿ ಇಲ್ಲ" ಎಂಬ ಉತ್ತರ ಬಂತು. ಮುಂದಿನ ವಾರ ಆ ಯುವಕ ಕಾಣಲಿಲ್ಲ. ಮಾರ್ಚ್ 13ರಂದು ಫ್ರಾನ್ಸಿಸ್ ಜಗದ್ಗುರುಗಳು ಆಯ್ಕೆಯಾದರು. ಅದೂ ನಮ್ಮ ಹಾಳೆಯನ್ನು ಪ್ರವೇಶಿಸಲಿಲ್ಲ. ವಾರದಿಂದ ವಾರಕ್ಕೆ ಚಾಪೆಗಳು ಖಾಲಿಯಾಗುತ್ತ ಬಂದವು.

ಮಾರ್ಚ್ 17ರ ಕೊನೆಯ ತರಗತಿಗೆ ನಾವು ಹನ್ನೊಂದು ಮಂದಿ ಉಳಿದಿದ್ದೆವು. ಅಂದಿನ ಪಾಠ ಶರೀರದ ಪುನರುತ್ಥಾನ ಮತ್ತು ನಿತ್ಯಜೀವ. ಐದು ವಾರವೂ ತುಟಿ ಬಿಚ್ಚದೆ, ಹಾಳೆಯನ್ನು ಮಡಿಚಿ ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದ ಎಪ್ಪತ್ತು ದಾಟಿದ ತಾಯಿಯೊಬ್ಬರು ಚಾಪೆಯಿಂದ ಎದ್ದು ನಿಂತರು.

"ಸ್ವಾಮಿ, ನನ್ ಮಗ ನೀರಿನಡಿ ಅವ್ನೆ. ಮೂರು ವರ್ಸದ ಕೂಸು. ಮೇಲೆ ಅಷ್ಟು ನೀರು ನಿಂತೈತೆ. ಕೊನೇ ದಿವ್ಸ ಅವ್ನು ಎದ್ದು ಬರೋದು ಹೆಂಗೆ?"

ಬೇರೆ ಊರಿನ ಓದುಗರಿಗೆ ಇಲ್ಲಿ ವಿವರಣೆ ಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ತುಂಬಿದಾಗ ಅದರ ನೀರಿನ ಮಟ್ಟ 2922 ಅಡಿ. ಮಳೆಗಾಲದಲ್ಲಿ ಪತ್ರಿಕೆ ತೆರೆದೊಡನೆ ನಮ್ಮವರು ಮೊದಲು ಹುಡುಕುವ ಅಂಕಿ ಅದು. ಆ ನೀರು ಕೆಳಗಿನ ಎಷ್ಟೋ ಸಾವಿರ ಎಕರೆಗೆ ಅನ್ನವಾಯಿತು. ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿದವು. ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನೀವು ಚಿತ್ರದಲ್ಲಿ ನೋಡಿರುತ್ತೀರಿ. ಛಾವಣಿಯಿಲ್ಲದ ಗೋಡೆಗಳು, ಮಳೆಗಾಲದಲ್ಲಿ ಸೊಂಟಮಟ್ಟ ನೀರು, ಸುತ್ತ ದೋಣಿ. ಪ್ರವಾಸಿಗರು ಬಂದು ಅದರ ಸೊಬಗನ್ನು ಹೊಗಳಿ ಹೋಗುತ್ತಾರೆ. ನೋಡಲು ಅದು ಸೊಗಸಾಗಿಯೇ ಇದೆ, ಸುಳ್ಳೇಕೆ. ಅಲ್ಲಿ ಜ್ಞಾನಸ್ನಾನ ಪಡೆದವರಿಗೆ ಹಾಗೆ ಅನ್ನಿಸಲಾರದು, ಅಷ್ಟೇ. ಈ ತಾಯಿಯ ಹಳ್ಳಿ ಶೆಟ್ಟಿಹಳ್ಳಿಯಷ್ಟು ಹೆಸರಾದುದಲ್ಲ. ಅದರ ಗೋಡೆಯೂ ನೀರಿನ ಮೇಲೆ ಕಾಣುವುದಿಲ್ಲ.

ಬೋಧಕರು ಹಾಳೆಯ ಕಡೆ ನೋಡಿದರು. ಆಮೇಲೆ ಗಡಿಯಾರದ ಕಡೆ ನೋಡಿ, "ಅಜ್ಜಿ, ಅದೆಲ್ಲ ದೇವರ ರಹಸ್ಯ, ಹಾಗೆಲ್ಲ ಕೇಳಬಾರದು, ವಿಶ್ವಾಸ ಇಡಬೇಕು" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಓದುಗರೇ, ನನ್ನ ತುಟಿಯಲ್ಲಿಯೂ ನಗೆ ಸುಳಿಯಿತು. ಆ ತಾಯಿ ನನ್ನ ಕಡೆಗೇ ನೋಡುತ್ತಿದ್ದರು. ಅವರ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ನಾನು, ಏನಾದರೂ ಹೇಳಿಯೇನೆಂದು ನಿರೀಕ್ಷಿಸಿದ್ದರೋ ಏನೋ. ನಾನು ತಲೆ ತಗ್ಗಿಸಿ ಹಾಳೆ ತಿರುವಿದೆ. ಅವರು ಕುಳಿತುಕೊಂಡರು. ಸಮಾರೋಪ ಪ್ರಾರ್ಥನೆಯಾಯಿತು, ಬಿಸ್ಕತ್ತು, ಚಹ ಆಯಿತು.

ಮನೆಗೆ ಬಂದು ತರಗತಿಯನ್ನು ಬಹಳ ಟೀಕಿಸಿದೆ. ಪದ್ಧತಿ ಹಳೆಯದು, ಸಿದ್ಧತೆ ಸಾಲದು, ಜನರ ಮಟ್ಟ ತಿಳಿದಿಲ್ಲ ಎಂದೆಲ್ಲ. ನನ್ನ ಹೆಂಡತಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು, "ನೀವು ಏನು ಹೇಳಿದಿರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನಿಗೆ, ಪೋರ್ಷನ್ ಮುಗಿಸುವ ಆತುರದಲ್ಲಿ ಮಗುವಿನ ಕೈಯನ್ನು ಕೆಳಗಿಳಿಸುವುದು ಗೊತ್ತಿಲ್ಲದ ವಿದ್ಯೆಯೇನಲ್ಲ.

ಆ ಮಾತು ಚುಚ್ಚುತ್ತಿದ್ದುದರಿಂದಲೇ ಓದತೊಡಗಿದೆ. ಮೊದಲು ತೆರೆದದ್ದು ಧರ್ಮೋಪದೇಶ ಗ್ರಂಥವನ್ನು. ಅದರ 2865 ಪರಿಚ್ಛೇದಗಳಲ್ಲಿ ಮೂವತ್ತಕ್ಕೂ ಹೆಚ್ಚು ಶರೀರದ ಪುನರುತ್ಥಾನವನ್ನು ಕುರಿತವು. ಏಳುವುದೆಂದರೇನು, ಏಳುವವರಾರು ಎಂದು ವಿಚಾರಿಸಿ, 999ನೆಯದರಲ್ಲಿ "ಹೇಗೆ?" ಎಂಬ ಪ್ರಶ್ನೆಯನ್ನು ಗ್ರಂಥ ತಾನೇ ಎತ್ತಿಕೊಳ್ಳುತ್ತದೆ! ಅದು ನಮ್ಮ ಬುದ್ಧಿಗೂ ಕಲ್ಪನೆಗೂ ಮೀರಿದ್ದು, ವಿಶ್ವಾಸಕ್ಕೆ ಮಾತ್ರ ನಿಲುಕುವುದು ಎಂದೇ ಅಲ್ಲಿಯೂ ಇದೆ. ನಮ್ಮ ಬೋಧಕರು ಸುಳ್ಳು ಹೇಳಿರಲಿಲ್ಲ. ಆದರೆ ಕೇಳಬಾರದೆಂದು ಅಲ್ಲಿ ಇಲ್ಲ. ಸಂತ ಪೌಲರೂ ಕೊರಿಂಥದವರಿಗೆ ಬರೆಯುವಾಗ ಇದೇ ಪ್ರಶ್ನೆ ಕೇಳುವವನನ್ನು ಮೊದಲು ಗದರಿಸಿ, ಆಮೇಲೆ ಕುಳ್ಳಿರಿಸಿಕೊಂಡು ಬಿತ್ತಿದ ಬೀಜದ ದೃಷ್ಟಾಂತ ಕೊಟ್ಟು ವಿವರಿಸುತ್ತಾರೆ.

ಇನ್ನೂ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಐದನೆಯ ಶತಮಾನದಲ್ಲಿ, 421ರ ಸುಮಾರಿಗೆ, ಫ್ಲೋರಾ ಎಂಬ ವಿಧವೆ ತನ್ನ ಸತ್ತ ಮಗನನ್ನು ಇಟಲಿಯ ನೋಲಾದಲ್ಲಿ ಸಂತ ಫೆಲಿಕ್ಸರ ಸಮಾಧಿಯ ಬಳಿ ಹೂಳಿಸಲು ಬಯಸಿದಳು. ಎಲ್ಲಿ ಹೂಳುತ್ತೇವೆ ಎಂಬುದರಿಂದ ಮೃತರಿಗೆ ಏನಾದರೂ ಪ್ರಯೋಜನವುಂಟೇ ಎಂದು ಅಲ್ಲಿನ ಧರ್ಮಾಧ್ಯಕ್ಷ ಪೌಲಿನುಸರು ಆಫ್ರಿಕಾದ ಹಿಪ್ಪೋ ನಗರದ ಸಂತ ಆಗಸ್ಟೀನರಿಗೆ ಬರೆದು ಕೇಳಿದರು. ಕೆಲಸದ ಹೊರೆಯಲ್ಲಿ ಮುಳುಗಿದ್ದ ಆ ಮಹಾಪಂಡಿತರು ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಒಬ್ಬ ತಾಯಿಯ ಪ್ರಶ್ನೆಗೆ ಒಂದು ಪುಸ್ತಕ! ಗೋರಿಯಿಲ್ಲದ ಶರೀರವನ್ನೂ ದೇವರು ಮರೆಯುವುದಿಲ್ಲ. ಆದರೂ ಪ್ರೀತಿಪಾತ್ರರ ಶರೀರವನ್ನು ಗೌರವದಿಂದ ಹೂಳುವುದು ಮಾನವ ಹೃದಯದ ಸಹಜ ಧರ್ಮ. ಅವರಿಗಾಗಿ ಪ್ರಾರ್ಥಿಸುವುದು ಎಲ್ಲಕ್ಕೂ ಮಿಗಿಲು. ಅದರ ಸಾರವನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ.

ಆಗಸ್ಟೀನರಿಗೆ ಇದು ಬರಿಯ ತರ್ಕವಾಗಿರಲಿಲ್ಲ. ಅವರ ತಾಯಿ ಸಂತ ಮೋನಿಕಾ ಆಫ್ರಿಕಾದ ತಮ್ಮ ಊರಿನಲ್ಲಿ ಪತಿಯ ಪಕ್ಕದಲ್ಲಿಯೇ ತಮಗೂ ಗೋರಿ ಸಿದ್ಧಮಾಡಿಸಿಕೊಂಡಿದ್ದವರು. 387ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ಕಡಲಾಚೆಯ ಓಸ್ತಿಯಾ ಬಂದರಿನಲ್ಲಿ ತೀರಿಕೊಂಡರು. ಇಷ್ಟು ದೂರದಲ್ಲಿ ಶರೀರವನ್ನು ಬಿಟ್ಟುಹೋಗಲು ಭಯವಿಲ್ಲವೇ ಎಂದು ಯಾರೋ ಕೇಳಿದಾಗ, ದೇವರಿಗೆ ಯಾವ ಸ್ಥಳವೂ ದೂರವಲ್ಲ, ಲೋಕಾಂತ್ಯದಲ್ಲಿ ತನ್ನನ್ನು ಎಲ್ಲಿಂದ ಎಬ್ಬಿಸಬೇಕೆಂಬುದು ಆತನಿಗೆ ತಿಳಿಯದೆ ಹೋದೀತೆಂಬ ಅಂಜಿಕೆಯಿಲ್ಲ ಎಂಬ ಅರ್ಥದ ಮಾತು ಹೇಳಿದರಂತೆ. ಓದಿದಾಗ ನನಗೆ ನಮ್ಮ ಚಾಪೆ, ಮಡಿಚಿದ ಹಾಳೆ ನೆನಪಾದವು.

ಶುಭಸಂದೇಶದ ಮಾರ್ಥಾಳನ್ನೂ ಒಮ್ಮೆ ನೆನೆಯಿರಿ. ತಮ್ಮ ಲಾಜರನು ಕೊನೆಯ ದಿನದಂದು ಎದ್ದುಬರುವನೆಂದು ಅವಳು ಸರಿಯಾದ ಉತ್ತರವನ್ನೇ ಒಪ್ಪಿಸುತ್ತಾಳೆ. ನಮ್ಮ ತರಗತಿಯಲ್ಲಾಗಿದ್ದರೆ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಯೇಸುಸ್ವಾಮಿ ಅಲ್ಲಿಗೆ ನಿಲ್ಲಿಸಲಿಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರೆಂದು ಕೇಳಿ, ಗೋರಿಯ ಕಡೆ ನಡೆದು, ದಾರಿಯಲ್ಲಿ ಅತ್ತರು. ನಾನು ಅವರ ಮಗನನ್ನು ಎಲ್ಲಿ ಇಟ್ಟಿದ್ದಾರೆಂದು ಕೂಡ ಕೇಳಿರಲಿಲ್ಲ.

ಕೊನೆಗೆ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಗೋರಿಗಳ ಆಶೀರ್ವಾದ ಮುಗಿದ ಮೇಲೆ ಅವರ ಮನೆಗೆ ಹೋದೆ. ಪತಿಯ ಗೋರಿಗೆ ಮೇಣದ ಬತ್ತಿ ಹಚ್ಚಿ ಬಂದು ಜಗುಲಿಯಲ್ಲಿ ಕುಳಿತಿದ್ದರು. ಮಗನ ಹೆಸರಿನ ಬತ್ತಿಯನ್ನು ಎಲ್ಲಿ ಹಚ್ಚುವುದೆಂದು ತಿಳಿಯದೆ ಹಾಗೆಯೇ ತಂದು ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದರು. ಅಂದಿನ ನಗೆಗಾಗಿ ಕ್ಷಮೆ ಬೇಡಿದೆ. "ಅಯ್ಯೋ ಬುಡಿ ಮೇಷ್ಟ್ರೇ" ಎಂದರು. ಮರೆತಿರಲಿಲ್ಲ ಎಂಬುದು ಆ "ಬುಡಿ"ಯಲ್ಲಿಯೇ ತಿಳಿಯಿತು. ಊರು ಬಿಡುವಾಗ ಮನೆಗೆ, ಮರಕ್ಕೆ, ಹೊಲಕ್ಕೆ ಎಂದು ಲೆಕ್ಕ ಬರೆದುಕೊಂಡ ಕಥೆ ಹೇಳಿದರು. ಹಲಸಿನ ಮರಕ್ಕೂ ಬೆಲೆ ಕಟ್ಟಿದರಂತೆ. ಗೋರಿಯ ವಿಚಾರ ಯಾರೂ ಕೇಳಲಿಲ್ಲವಂತೆ. "ಎತ್ಕೊಂಡು ಬರಾನಾ ಅಂದೆ. ಹತ್ತು ವರ್ಸ ಆಗೈತೆ, ಏನ್ ಸಿಕ್ತದೆ ಬಾ ಅಂದ್ರು ನಮ್ ಯಜಮಾನ್ರು."

ನಾನು ಓದಿದ್ದನ್ನು ಹೇಳಲು ತೊಡಗಿದೆ. ಮೇಷ್ಟ್ರಲ್ಲವೇ, ಸಿದ್ಧತೆ ಮಾಡಿಕೊಂಡೇ ಹೋಗಿದ್ದೆ. ಸಂತ ಪೌಲರ ಬೀಜದ ದೃಷ್ಟಾಂತ ರೈತಾಪಿ ಹೆಂಗಸಿಗೆ ಹಿಡಿಸೀತೆಂದು ಅದನ್ನೇ ಮೊದಲಿಟ್ಟೆ. ಅವರು ಗಮನವಿಟ್ಟು ಕೇಳಿ, "ನೀರು ಜಾಸ್ತಿ ನಿಂತ್ರೆ ಬೀಜ ಕೊಳೀತದೆ ಮೇಷ್ಟ್ರೇ" ಎಂದರು. ನನ್ನ ಪಾಠ ಅಲ್ಲಿಗೆ ಕುಸಿಯಿತು. ಫ್ಲೋರಾ, ಮೋನಿಕಾ ಎಲ್ಲರನ್ನೂ ಬಿಟ್ಟು, ಪವಿತ್ರ ಬೈಬಲ್ಲಿನ ಪ್ರಕಟನಾ ಗ್ರಂಥದ 20ನೆಯ ಅಧ್ಯಾಯ ತೆರೆದು, ಕೊನೆಯ ದಿನದಂದು ಸಮುದ್ರವು ತನ್ನೊಳಗಿದ್ದ ಮೃತರನ್ನು ಒಪ್ಪಿಸುವ ಆ ಭಾಗವನ್ನು ನಿಧಾನವಾಗಿ ಓದಿದೆ.

ಇನ್ನೊಂದು ಸಲ ಓದಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಮುದ್ರ ಅಂದ್ರೆ ನಮ್ ಡ್ಯಾಮಿಗಿಂತ ದೊಡ್ದಾ?"

"ಬಹಳ ದೊಡ್ಡದು ಅವ್ವ. ಆಚೆ ದಡವೇ ಕಾಣುವುದಿಲ್ಲ."

"ಅಂಗಾದ್ರೆ ಸರಿ" ಎಂದು ಎದ್ದು, ಸೂರಿನ ಸಂದಿಯಿಂದ ಆ ಬತ್ತಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಕಾಫಿಗೆ ನೀರಿಡಲು ಒಳಗೆ ಹೋದರು.