ಕುದುರಿಗೆ ಬೆಲಿ ಐತಿ, ಅಡಗಿಯಾಕಿಗೆ ಹೆಸರಿಲ್ಲ

ಅಮೆರಿಕಾದ ಅಂತರ್ಯುದ್ಧದಾಗ (1861–65) ದಕ್ಷಿಣದ ಕಾನ್ಫೆಡರೇಟ್ ಸೈನ್ಯದಾಗಿದ್ದ ಸವಾರನೊಬ್ಬನ ಮನೆತನ ಹುಡುಕಬೇಕಂದ್ರ ಕಾಗದಪತ್ರಕ್ಕೇನು ಕಮ್ಮಿ ಇಲ್ರಿ. ಸವಾರ ತನ್ನ ಕುದುರಿ ತಾನ ತರಬೇಕಿತ್ತು. ಅದಕ್ಕ ದಿನಕ್ಕ 40 ಸೆಂಟ್ ಬಾಡಗಿ. ಹಾಜರಿ ಪಟ್ಟಿಯೊಳಗ ಕುದುರಿ ಬೆಲಿನೂ ಬರೀತಿದ್ರು. ಹೆಂಡತಿ ಹೆಸರು, ಲಗ್ನದ ತಾರೀಖು ಬೇಕಂದ್ರ, ಗಂಡ ಸತ್ತ ಮ್ಯಾಲೆ ಆಕಿ ರಾಜ್ಯ ಸರಕಾರಕ್ಕ ಬರೆದ ಪಿಂಚಣಿ ಅರ್ಜಿ ಹುಡುಕಬೇಕು.

ಗುಲಾಮರಿದ್ದ ಮನಿಯಾದ್ರ, ಅಲ್ಲಿ ಅಡಗಿ ಮಾಡಿದಾಕಿ, ಕೂಸು ಆಡಿಸಿದಾಕಿ ಎಲ್ಲಿ ಸಿಗತಾಳ? 1860ರ ಗುಲಾಮರ ಗಣತಿಯೊಳಗ ಒಡೆಯನ ಹೆಸರಿನ ಕೆಳಗ ಅವರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಇಷ್ಟ. ಹೆಸರು ಬಹುತೇಕ ಎಲ್ಲೂ ಇಲ್ಲ. ಬಿಡುಗಡೆ ಆದಮ್ಯಾಲೆ, 1870ರ ಗಣತಿಯೊಳಗ ಅವರ ಹೆಸರು ಬಂದ್ವು. ಸವಾರನ ವಂಶ ಬರಿಯೋರು ಆ ಪುಟಾನೂ ತೆಗೀಬೇಕ್ರಿ. ಅಡಗಿಮನಿ ಬಿಟ್ಟು ಮನಿ ಕಥಿ ಪೂರಾ ಆಗೂದಿಲ್ಲ.