ಅಂಗಳವಿಲ್ಲದ ಮಸೀದಿ

ಐವಾನ್-ಎ-ಶಾಹಿ, ಕಲಬುರಗಿ
ಭಾನುವಾರ ಸಂಜೆ

ಪ್ರೀತಿಯ ಅಕ್ಕ,

ಆಫೀಸಿನ ಕೆಲಸ ಶುಕ್ರವಾರವೇ ಮುಗಿಯಿತು. ಆದರೂ ಎರಡು ದಿನ ಉಳಿದುಕೊಂಡೆ. ಐವಾನ್-ಎ-ಶಾಹಿ ನಿಜಾಮರ ಕಾಲದ ಅತಿಥಿಗೃಹ. ನನ್ನ ಲಾಡ್ಜು ಅದರ ಹತ್ತಿರವೇ.

ನಿನ್ನೆ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿದ್ದೆ. 1367ರಲ್ಲಿ ಬಹಮನಿಗಳ ಆಳ್ವಿಕೆಯಲ್ಲಿ ಕಟ್ಟಿದ್ದು. ಬೇರೆ ಮಸೀದಿಗಳಿಗಿರುವ ಬಯಲಂಗಳ ಇದಕ್ಕಿಲ್ಲ. ಸಾಲು ಸಾಲು ಕಮಾನು, ಮೇಲೆ ಗುಮ್ಮಟಗಳು, ಇಡೀ ಜಾಗ ಒಂದೇ ಸೂರಿನಡಿ. ಅಲ್ಲಿ ಕೂತಾಗ, ಚರ್ಚಿನಲ್ಲಿ ಯಾವಾಗಲೂ ಬಾಗಿಲ ಬಳಿ ನಿಲ್ಲುವ ನನ್ನ ಅಭ್ಯಾಸ ನೆನಪಾಯಿತು. ಒಳಗೆ ಸೆಕೆ ಅಂತ ಅಮ್ಮನಿಗೆ ಹೇಳುತ್ತಿದ್ದೆ. ಸೆಕೆಯಲ್ಲ ಅಂತ ನಿನಗೆ ಗೊತ್ತು.

2005ರಲ್ಲಿ, ಹತ್ತನೇ ತರಗತಿಯಲ್ಲಿದ್ದಾಗ, ನನಗೆ ಹುಡುಗರೇ ಇಷ್ಟವಾಗುತ್ತಾರೆ ಎಂದು ಪಾಪನಿವೇದನೆಯಲ್ಲಿ ಹೇಳಿದೆ. ಆ ಯೋಚನೆ ಹೋಗುವ ತನಕ ದಿನವೂ ಜಪಸರ ಮಾಡು ಅಂದರು ಗುರುಗಳು. ನೀವೆಲ್ಲ ಮಲಗಿದ ಮೇಲೆ ಒಂದು ವರ್ಷ ಮಾಡಿದೆ. ಹೋಗಲಿಲ್ಲ. ಮರಿಯಮ್ಮ ಕೇಳಿಸಿಕೊಳ್ಳುತ್ತಿಲ್ಲವೋ, ನಾನು ಕೇಳುತ್ತಿರುವುದೇ ತಪ್ಪೋ? ನನ್ನ ಸಂಶಯ ಹುಟ್ಟಿದ್ದು ಆ ಜಪಸರದಲ್ಲೇ.

2018ರ ಸೆಪ್ಟೆಂಬರ್ 6ರಂದು, ನಾವು ಅಪರಾಧಿಗಳಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ರಾತ್ರಿ, ನಿನಗೆ ಫೋನ್ ಮಾಡಿ ಅತ್ತೆ. ನೀನು ಧರ್ಮೋಪದೇಶದ ಪುಸ್ತಕ ತೆಗೆದು ಓದಿ ಹೇಳಿದೆ: ಇಂಥ ಸಂಬಂಧವನ್ನು ಒಪ್ಪದ 2357ನೇ ಪರಿಚ್ಛೇದದ ಬೆನ್ನಿಗೇ, ನಮ್ಮಂಥವರನ್ನು ಗೌರವದಿಂದ, ಕರುಣೆಯಿಂದ ಬರಮಾಡಿಕೊಳ್ಳಬೇಕೆನ್ನುವ 2358 ಇದೆ ಅಂತ. ನನಗೆ ಮೊದಲನೆಯದನ್ನಷ್ಟೇ ಕಲಿಸಿದ್ದರು. 2023ರ ಡಿಸೆಂಬರಿನಲ್ಲಿ, ನಮ್ಮಂಥ ಜೋಡಿಗಳನ್ನು ಗುರುಗಳು ಆಶೀರ್ವದಿಸಬಹುದು ಎಂದ ವ್ಯಾಟಿಕನ್, ಅದು ಮದುವೆಯಲ್ಲ ಎಂದೂ ಹೇಳಿತು. ಕರೆದವರೇ ಹೊಸ್ತಿಲಲ್ಲಿ ತಡೆದ ಹಾಗೆ ಅಕ್ಕ. ಆದರೂ ಇದು ನನ್ನ ಮನೆಯೇ. ಬಿಟ್ಟು ಹೋಗಲು ಮನಸ್ಸಿಲ್ಲ.

ಇವತ್ತು ಬೆಳಗ್ಗೆ ಇಲ್ಲಿನ ಪ್ರಧಾನಾಲಯದಲ್ಲಿ ಪೂಜೆಗೆ ಹೋದೆ. ದೈವಕೃಪೆಯ ಮಾತೆಯ ಹೆಸರಿನದು. ಈ ಧರ್ಮಪ್ರಾಂತ್ಯ ರೂಪುಗೊಂಡದ್ದೂ 2005ರಲ್ಲೇ. ಬಾಗಿಲ ಬಳಿ ನಿಲ್ಲದೆ ನಡುವಿನ ಬೆಂಚಿನತ್ತ ಹೋದೆ. ಅಜ್ಜಿಯೊಬ್ಬರು "ಬರ್ರಿ, ಕುಂದರ್ರಿ" ಅಂತ ಸರಿದು ಜಾಗ ಕೊಟ್ಟರು. ಪರಮಪ್ರಸಾದಕ್ಕೆ ಏಳಲು ಆಗಲಿಲ್ಲ. ಆದರೆ ಮರಿಯಮ್ಮನ ಮುಂದೆ ಆ ಹಳೆಯ ಬೇಡಿಕೆಯನ್ನೂ ಇಡಲಿಲ್ಲ. ಇನ್ನು ಇಡುವುದೂ ಇಲ್ಲ.

ಬರುವಾಗ ಅಮ್ಮನಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತೇನೆ. ಅವಳಿಗೆ ಈ ಸಲ ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿ ಕೂತಿರು.

ನಿನ್ನ ತಮ್ಮ